ಬಳೆ ತೆಗೆಯಲು ಹೇಳಿದವನು

ಮಾಳವ್ವ, ಬಳೆ ತೆಗೆದು ತಬಲಾ ಬಾರಿಸಬೇಕೆಂಬ ನಿಯಮ ನಮ್ಮ ಕಾಲೇಜಿನಲ್ಲಿ ಇರಲೇ ಇಲ್ಲ. ಅದನ್ನು ಆ ಗಳಿಗೆಯಲ್ಲಿ ಹುಟ್ಟಿಸಿದವನು ನಾನು, ನಿನ್ನ ಗುರು— ನಿನ್ನನ್ನು ಹೊರಗಿಡಲೆಂದೇ.

ಗೋಕಾಕದ ನಮ್ಮ ಸಂಗೀತ ವಿಭಾಗಕ್ಕೆ ಅಧ್ಯಾಪಕರನ್ನು ಆರಿಸುವ ದಿನ. ಬಾರಿಸುವವರ ಜಾತಿ, ಗಂಡು-ಹೆಣ್ಣು ಯಾವುದೂ ಕಾಣಬಾರದೆಂದು ಪರದೆ ಕಟ್ಟಿಸಿದವನೂ ನಾನೇ. ಆ ಪರದೆಗಾಗಿ ಎಷ್ಟು ಹೊಗಳಿಸಿಕೊಂಡಿದ್ದೆ! ನಿನ್ನ ಸರದಿ ಬಂತು. ಎರಡು ಆವರ್ತನ ಮುಗಿಯುವಷ್ಟರಲ್ಲಿ ಗುರುತು ಹತ್ತಿತು— ಎಂಟು ವರ್ಷ ನಾನೇ ತಿದ್ದಿದ ಕೈ.

ಪಕ್ಕದಲ್ಲಿದ್ದ ಪ್ರಾಚಾರ್ಯರು, “ಯಾರ್ರಿ ಇವರು? ಕೈ ಭಾಳ ತಯಾರಿ ಐತಿ!” ಎಂದರು.

ನಾನು ಹಿಗ್ಗಬೇಕಿತ್ತು. ಹೊಟ್ಟೆಗೆ ಕಿಚ್ಚು ಬಿತ್ತು. ಅದುವರೆಗೆ ವಿಭಾಗದಲ್ಲಿ ಇದ್ದವರೆಲ್ಲ ಗಂಡಸರು, ಎಲ್ಲರೂ ನಮ್ಮ ಜಾತಿಯವರೇ. ಕುಲಗೋಡದ ಕುರುಬರ ಮನೆಯ ಹುಡುಗಿ ನನ್ನ ಬದಿಯ ಕುರ್ಚಿಯಲ್ಲಿ— ನನ್ನೆದುರು ಚಾಪೆಯ ಮೇಲೆ ಕುಳಿತಿದ್ದಾಗ ನೀನು ನನ್ನ ಹೆಮ್ಮೆ. ಸಮಾನಳಾಗಿ ಬಂದಾಗ ನನಗೆ ತಡೆಯಲಾಗಲಿಲ್ಲ.

ಅಷ್ಟರಲ್ಲಿ ನಿನ್ನ ಬಳೆ ಒಮ್ಮೆ ಸದ್ದು ಮಾಡಿತು. ಕಾಲೇಜಿನ ಸಿಪಾಯಿಯನ್ನು ಕರೆದೆ.

“ಬಳಿ ತಗದು ಬಾರಸಾಕ ಹೇಳು. ಸಪ್ಪಳಾ ಅಡ್ಡ ಬರಾಕತ್ತೈತಿ.”

ನಿನ್ನ ಮದುವೆಯಾಗಿ ತಿಂಗಳೂ ಆಗಿರಲಿಲ್ಲ. ಅತ್ತೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಗಂಡನಿರುವ ಹೆಣ್ಣುಮಗಳು, ಅದೂ ಹೊಸ ಮದುಮಗಳು, ಕೈ ಬರಿದು ಮಾಡಿಕೊಳ್ಳುವುದಿಲ್ಲ— ಅದು ಗೊತ್ತಿದ್ದೇ ಹೇಳಿದೆ. ಪರದೆಯಾಚೆ ಬಟ್ಟೆ ಹರಿದ ಸಪ್ಪಳ. ಬಳೆಗಳಿಗೆ ಕರವಸ್ತ್ರದ ಚೂರು ಬಿಗಿದು ನೀನು ಮತ್ತೆ ಬಾರಿಸಿದೆ. ಮಣಿಕಟ್ಟು ಆಡಲಿಲ್ಲ, ಲಯ ಎಡವಿತು. ‘ಕೈ ಇನ್ನೂ ಪಕ್ವವಾಗಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಹೊರಗೆ ಬಂದಾಗ ಆ ಚೂರುಗಳು ಇನ್ನೂ ನಿನ್ನ ಕೈಯಲ್ಲೇ ಇದ್ದವು. ನೀನು ನನ್ನ ಕಾಲು ಮುಟ್ಟಿದೆ.

“ನಿಮ್ಮ ಹೆಸರ ಉಳಸಾಕ ಆಗಲಿಲ್ಲರಿ, ಸರ್.”

ನಾನು— ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದೆ.

ಇವತ್ತಿಗೂ ಆ ವಿಭಾಗದಲ್ಲಿ ಒಬ್ಬ ಅಧ್ಯಾಪಕಿಯಿಲ್ಲ. ನೀನು ಮೂಡಲಗಿಯ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೀ. ಪ್ರತಿ ಗುರುಪೂರ್ಣಿಮೆಗೆ ಬಸ್ ಹಿಡಿದು ಬಂದು ನಮಸ್ಕರಿಸುತ್ತೀ, ಜೊತೆಗೆ ಬಂದವರಿಗೆ ‘ನನ್ನ ಗುರುಗಳು’ ಎನ್ನುತ್ತೀ. ಪ್ರತಿ ಸಲವೂ ನಿಜ ಹೇಳಲು ಬಾಯಿ ತೆರೆದು, ಹೇಡಿಯಂತೆ ‘ಚಹಾ ಕುಡಿದು ಹೋಗು’ ಎಂದಷ್ಟೇ ಹೇಳಿದ್ದೇನೆ.

ಈ ಕಾಗದದ ಇನ್ನೊಂದು ಪ್ರತಿ ಕಾಲೇಜಿಗೆ ಹೋಗಿದೆ, ನನ್ನ ಸಹಿಯೊಡನೆ. ಓದಿದ ಮೇಲೂ ಬರುವುದಾದರೆ ಬಾ, ಮಾಳವ್ವ. ಬೈಯಲು ಬಾ. ನನ್ನ ಕಾಲು ಮಾತ್ರ ಮುಟ್ಟಬೇಡ.