ಹರಳುಗಟ್ಟಿದ ಜೇನಿನ ಕುರಿತು ಸಮಜಾಯಿಷಿ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ಓದುಗರಲ್ಲಿ ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಚ್ಚಾಗಲೆಂಬ ಉದ್ದೇಶದಿಂದ ನಾನು ಬರೆಯುತ್ತಿರುವುದು ಇದೇ ಮೊದಲು. ನಾನು ಪಂಚಾಯತ್ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಳ್ಳಿಯಲ್ಲಿ ನೀರು ಬಾರದ ಬಗ್ಗೆ, ದಾರಿದೀಪ ಉರಿಯದ ಬಗ್ಗೆ ಬಂದ ದೂರುಗಳಿಗೆ ಉತ್ತರ ಬರೆದು ರೂಢಿಯಿದೆಯೇ ಹೊರತು, ಮನೆಯೊಳಗಿನ ಸಂಗತಿಯನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದು ತಿಳಿಯದು. ಆದಕಾರಣ ತಿಳಿದ ರೀತಿಯಲ್ಲಿಯೇ ನಿವೇದಿಸುತ್ತಿದ್ದೇನೆ.

ನಮ್ಮ ಮನೆಯು ಕಡಬದಿಂದ ನೆಲ್ಯಾಡಿಯ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯ ಹಿಂದೆ, ಕೇರಳದಿಂದ ಬಂದು ನೆಲೆಸಿದ ಕುಟುಂಬವೊಂದರ ರಬ್ಬರ್ ತೋಟ. ಅವರ ಒಪ್ಪಿಗೆ ಪಡೆದು ಆ ತೋಟದ ಅಂಚಿನಲ್ಲಿ ನನ್ನ ಪತ್ನಿಯು ಜೇನು ಪೆಟ್ಟಿಗೆಗಳನ್ನು ಇರಿಸಿದ್ದಾಳೆ. ರಬ್ಬರ್ ಮರಗಳು ಎಲೆ ಉದುರಿಸಿ ಪುನಃ ಚಿಗುರುವಾಗ ಎಳೆಯ ಎಲೆಗಳ ತೊಟ್ಟಿನಲ್ಲಿ ಸಿಹಿ ಒಸರುತ್ತದೆ. ಆ ದಿನಗಳಲ್ಲಿ ಹುಳುಗಳು ಹೂವಿಗಾಗಿ ದೂರ ಹೋಗುವುದಿಲ್ಲ. ಚಿಗುರಿನಿಂದಲೇ ಪೆಟ್ಟಿಗೆ ತುಂಬಿಸಿಕೊಳ್ಳುತ್ತವೆ. ಈ ಜೇನಿಗೆ ಒಂದು ಗುಣವಿದೆ. ಬಾಟಲಿಯಲ್ಲಿ ಕೆಲವು ವಾರ ಕುಳಿತರೆ ತಳದಿಂದ ಬಿಳಿಯ ಹರಳು ಕಟ್ಟುತ್ತ ಬಂದು, ಚಳಿಗೆ ತುಪ್ಪ ಹೆಪ್ಪುಗಟ್ಟಿದಂತೆ ಗಟ್ಟಿಯಾಗುತ್ತದೆ. ನಮ್ಮ ನೆರೆಕರೆಯವರಿಗೆ ಇದು ಹೊಸತಲ್ಲ. ಚಮಚದಲ್ಲಿ ಅಗೆದು ದೋಸೆಗೆ ಹಚ್ಚಿಕೊಳ್ಳುತ್ತಾರೆ.

ಪತ್ನಿಯ ತಂಗಿ ಕುಂಬ್ರದಲ್ಲಿದ್ದಾಳೆ. ಇನ್‌ಸ್ಟಾಗ್ರಾಂನಲ್ಲಿ ಚೂಡಿದಾರ, ನೈಟಿಗಳನ್ನು ತೋರಿಸಿ ಮಾರುವುದು ಅವಳ ವ್ಯಾಪಾರ. ಒಮ್ಮೆ ನಮ್ಮಲ್ಲಿಗೆ ಬಂದವಳು ಅಕ್ಕನಿಗೆ ಹೇಳಿದಳು:

"ನೀನು ಬೇಲಿ ಹತ್ರ ನಿಂತು ಮಾರಿದ್ರೆ ಬೇಲಿಯಾಚೆಯವರೇ ತಿನ್ನುದು. ಊರಿಗೆ ಗೊತ್ತಾಗುದು ಯಾವಾಗ?"

"ಬೇಲಿಯಾಚೆಯವರ ಬಾಯಿ ಬಾಯಲ್ವಾ?" ಎಂದು ಪತ್ನಿ ಕೇಳಿದಳು. ಆದರೂ ವಿಡಿಯೋ ಮಾಡಲು ಒಪ್ಪಿದಳು. ಪೆಟ್ಟಿಗೆಯ ಮುಚ್ಚಳ ತೆಗೆದು, ಹುಳು ತುಂಬಿದ ಚೌಕಟ್ಟನ್ನು ಬರಿಗೈಯಲ್ಲಿ ಎತ್ತಿ ಹಿಡಿದಳು. ಹೆಸರಿಡುವ ಪ್ರಶ್ನೆ ಬಂದಾಗ ಮಾತ್ರ ಅಕ್ಕತಂಗಿಯರಲ್ಲಿ ಚರ್ಚೆಯಾಯಿತು.

"ಕಾಡುಜೇನು ಅಂತ ಹಾಕುವ, ಅಕ್ಕ. ರಬ್ಬರ್ ಅಂದ್ರೆ ಯಾರು ಮೂಸ್ತಾರೆ?"

"ಇಲ್ಲಿ ಕಾಡು ಎಲ್ಲಿ ಉಂಟು? ರಬ್ಬರಿಂದ ಬಂದದ್ದನ್ನು ರಬ್ಬರ್ ಅಂತ್ಲೇ ಹೇಳುದು."

ವಸ್ತುವಿನ ವಿವರಣೆಯು ವಾಸ್ತವಕ್ಕೆ ಅನುಗುಣವಾಗಿರಬೇಕೆಂದು ನಾನೂ ಅಭಿಪ್ರಾಯಪಟ್ಟೆ. ಅದರಂತೆ 'ರಬ್ಬರ್ ತೋಟದ ಶುದ್ಧ ಜೇನು' ಎಂಬ ಹೆಸರಿನಲ್ಲಿ ಪುಟವು ಆರಂಭವಾಯಿತು. ಯಾರೋ ಒಬ್ಬರು ಕೂಡಲೇ ಬರೆದರು: "ತಿಂದರೆ ಹೊಟ್ಟೆಯಲ್ಲಿ ಚಪ್ಪಲಿ ಆಗ್ತದಾ?" ನಾನು ಅದನ್ನು ಓದಿ ಹೇಳಿದಾಗ ಪತ್ನಿ ನಕ್ಕು, "ಯಾವ ನಂಬ್ರದ್ದು ಬೇಕು ಕೇಳಿ ನೋಡಿ" ಎಂದಳು. ಅಂದು ನಾವು ಆ ಮಾತನ್ನು ಅಷ್ಟಕ್ಕೇ ಬಿಟ್ಟೆವು.

ನಿಧಾನವಾಗಿ ಹೊರ ಊರುಗಳಿಂದ ಬೇಡಿಕೆ ಬಂತು. ಬಾಟಲಿಗಳಿಗೆ ಹಳೆಯ ವೃತ್ತಪತ್ರಿಕೆ ಸುತ್ತಿ, ಕಡಬ ಪೇಟೆಗೆ ಹೋಗಿ ಕೊರಿಯರ್ ಮಾಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ನಿವೃತ್ತಿಯ ನಂತರ ಪೇಟೆಗೆ ಹೋಗಲು ಒಂದು ಕಾರಣ ದೊರೆತುದು ನನಗೂ ಸಮಾಧಾನ ತಂದಿತ್ತು.

ಹೀಗಿರುವಲ್ಲಿ, ಮೈಸೂರಿನ ಗ್ರಾಹಕರೊಬ್ಬರು ತಾವೇ ಒಂದು ವಿಡಿಯೋ ಮಾಡಿ ಹಾಕಿದರು. ನಮ್ಮ ಬಾಟಲಿಯನ್ನು ತಲೆಕೆಳಗಾಗಿ ಹಿಡಿದಿದ್ದರು, ಜೇನು ಅಲುಗಲಿಲ್ಲ. "ನೋಡಿ ಸ್ನೇಹಿತರೇ, ಇದು ಶುದ್ಧ ಜೇನಂತೆ. ತಳದಲ್ಲಿ ಸಕ್ಕರೆ ಹೇಗೆ ಕೂತಿದೆ ನೋಡಿ. ಹಳ್ಳಿಯವರು ಅಂತ ನಂಬಿದ್ವಿ," ಎನ್ನುತ್ತ ಹರಳುಗಳನ್ನು ಬೆರಳಿನಲ್ಲಿ ಉಜ್ಜಿ ತೋರಿಸಿದರು. ಅವರ ಧ್ವನಿಯಲ್ಲಿ ಕೇಡಿನ ಉದ್ದೇಶವಿದ್ದಂತೆ ನನಗೆ ಕಾಣಲಿಲ್ಲ. ಮೋಸಹೋದೆನೆಂದು ನಿಜವಾಗಿಯೂ ನಂಬಿದವರಂತಿದ್ದರು. ಪತ್ನಿಯು ವಿಡಿಯೋವನ್ನು ಪೂರ್ತಿ ನೋಡಿ, "ಅವರಿಗೆ ಗೊತ್ತಿಲ್ಲ ಪಾಪ. ಒಂದು ಮಾತು ತಿಳಿಸಿಬಿಡಿ," ಎಂದಳು.

ಫೋನ್ ಮಾಡಿದೆ, ಅವರು ಸ್ವೀಕರಿಸಲಿಲ್ಲ. ಆದುದರಿಂದ ವಿಡಿಯೋದ ಕೆಳಗೆ ಈ ಪ್ರಕಾರ ಬರೆದೆ: "ಮಾನ್ಯರೇ, ತಾವು ಪ್ರಸ್ತಾಪಿಸಿರುವ ಬಿಳಿ ಪದಾರ್ಥವು ಸಕ್ಕರೆಯಾಗಿರದೆ, ರಬ್ಬರ್ ಚಿಗುರಿನ ಜೇನಿನಲ್ಲಿ ಸಹಜವಾಗಿ ಉಂಟಾಗುವ ಹರಳಾಗಿರುತ್ತದೆ. ತಾವು ಈ ಅಂಶವನ್ನು ಪರಿಗಣಿಸಿ, ವಿಡಿಯೋವನ್ನು ಹಿಂಪಡೆಯಬೇಕಾಗಿ ವಿನಂತಿ."

ಉತ್ತರಗಳು ಬರತೊಡಗಿದವು. ಆದರೆ ಅವರಿಂದಲ್ಲ.

"ಅಂಕಲ್, ಇದು ಜೇನಿನ ಅಂಗಡಿಯಾ, ತಾಲ್ಲೂಕು ಆಫೀಸಾ?"

"ಅರ್ಜಿ ಸ್ವೀಕರಿಸಲಾಗಿದೆ. ಸಾಹೇಬ್ರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ."

"ರಬ್ಬರ್ ಮರದಲ್ಲಿ ಹೂವಿನ ಜೇನು ಬೇರೆ! ಟಯರ್ ಅಂಗಡಿಯಲ್ಲೂ ಸಿಗ್ತದಾ?"

ಕೊನೆಯವರಿಗೆ, ಹೂವಿನದಲ್ಲ ಚಿಗುರಿನದೆಂದು ವಿವರಿಸಿದೆ. "ಹೂವೇ ಇಲ್ಲದ ಜೇನು, ಅವರೇ ಒಪ್ಪಿಕೊಂಡರು" ಎಂದು ಇನ್ನೊಬ್ಬರು ಬರೆದರು. ಅವರಿಗೂ ಉತ್ತರಿಸಿದೆ. ಬೆಳಿಗ್ಗೆ ಚಹಾ ಕುಡಿದು ಕುಳಿತವನು ಮಧ್ಯಾಹ್ನದ ಊಟಕ್ಕೆ ಏಳುತ್ತಿದ್ದೆ. ಕಚೇರಿಯಲ್ಲಿ ನಾನು ಕಲಿತಿದ್ದು ಇಷ್ಟೇ: ದೂರಿಗೆ ಉತ್ತರ ಹೋಗದಿದ್ದರೆ ಆರೋಪವನ್ನು ಒಪ್ಪಿದಂತೆ, ಉತ್ತರ ಹೋದರೆ ಕಡತ ಮುಚ್ಚಿದಂತೆ. ಇಲ್ಲಿ ಮುಚ್ಚುವುದೆಂಬುದೇ ಇರಲಿಲ್ಲ.

ಕುಂಬ್ರದಿಂದ ಪತ್ನಿಯ ತಂಗಿ ಫೋನ್ ಮಾಡಿದಳು. "ಎಂತ ಭಾವ ನೀವು! ದಮ್ಮಯ್ಯ, ಕೈ ಕಟ್ಟಿ ಕೂತ್ಕೊಳ್ಳಿ. ನೀವು ಬರೆದಷ್ಟೂ ಆ ವಿಡಿಯೋ ಮೇಲೆ ಮೇಲೆ ಬರ್ತಾ ಉಂಟು. ನೋಡದವರಿಗೂ ನೀವೇ ತೋರಿಸಿದ ಹಾಗೆ ಆಗ್ತದೆ."

"ಹಾಗಾದರೆ ಉತ್ತರ ಯಾರು ಕೊಡುವುದು?"

"ಯಾರೂ ಕೊಡುದಿಲ್ಲ ಮಾರಾಯ್ರೆ. ಅದೇ ಉತ್ತರ."

ಅವಳ ಸಲಹೆಯಂತೆ ಬರೆಯುವುದನ್ನು ನಿಲ್ಲಿಸಿದೆ. ಸ್ವಲ್ಪ ಸಮಯದಲ್ಲಿಯೇ ಯಾರೋ ಬರೆದರು: "ಅಂಕಲ್ ಸೈಲೆಂಟ್. ಸಿಕ್ಕಿಬಿದ್ದರು." ಮೊಬೈಲನ್ನು ಮೇಜಿನ ಮೇಲೆ ಕವುಚಿ ಇಟ್ಟೆ.

ಹೊರಗಿನವರ ಮಾತು ಹೊರಗೇ ಉಳಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅರಂತೋಡಿನಲ್ಲಿ ರಸ್ತೆಬದಿಯ ಅಂಗಡಿಯೊಂದನ್ನು ನಡೆಸುವ ಮಹಿಳೆಯೊಬ್ಬರು ಪತ್ನಿಯ ಜೇನನ್ನು ಬಹುಕಾಲದಿಂದ ಮಾರುತ್ತಿದ್ದರು. ಬಾಟಲಿಗಳನ್ನು ಹಿಂದಕ್ಕೆ ಕೊಂಡೊಯ್ಯಬೇಕೆಂದು ಅವರು ಹೇಳಿಕಳುಹಿಸಿದ್ದರಿಂದ, ನಾವಿಬ್ಬರೂ ಸುಳ್ಯದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆವು.

"ಬೇಜಾರು ಮಾಡ್ಬೇಡಿ ಅಕ್ಕ," ಎಂದು ಆಕೆ ಕುರ್ಚಿ ಎಳೆದು ಕೊಟ್ಟರು. "ನಾನು ತಿಂದವಳೇ, ನನಗೆ ಗೊತ್ತುಂಟು. ಆದ್ರೆ ಮಡಿಕೇರಿಗೆ ಹೋಗುವವರು ಕಾರು ನಿಲ್ಸಿ, ಬಾಟ್ಲಿ ತಿರುಗಿಸಿ, ಸೀದಾ ಮೊಬೈಲು ತೆಗೀತಾರೆ. 'ಇದು ಅದೇ ಅಲ್ವಾ' ಅಂತಾರೆ. ನಾನೆಂತ ಹೇಳುದು?"

ಶರಬತ್ತು ಬಂತು. ನಾವು ಕುಡಿಯುತ್ತಿರುವಾಗ ಆಕೆ ಸ್ವಲ್ಪ ಬಾಗಿ ಕೇಳಿದರು: "ಒಂದು ಕೇಳ್ತೇನೆ. ನೀವು ಹುಳಕ್ಕೆ ಸಕ್ಕರೆ ಎಂತಾದ್ರೂ ಕೊಡುದುಂಟಾ?"

ಇಲ್ಲವೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಪತ್ನಿಯು ಲೋಟವನ್ನು ಕೆಳಗಿಟ್ಟು, "ಮಳೆಗಾಲದಲ್ಲಿ ಕೊಡ್ತೇವೆ," ಎಂದಳು. "ಹೊರಗೆ ಎಂತದೂ ಸಿಗುದಿಲ್ಲ ಅವಕ್ಕೆ. ಪಾಕ ಕೊಡದಿದ್ರೆ ಸಾಯ್ತಾವೆ. ಆಗ ನಾವು ಜೇನು ತೆಗೆಯುದಿಲ್ಲ. ಅದು ಅವುಗಳ ಊಟಕ್ಕೆ ಮಾತ್ರ."

"ಹಾಂ," ಎಂದರು ಆಕೆ. "ಕೊಡುದುಂಟು ಹಾಗಾದ್ರೆ."

"ಮಳೆಗಾಲದಲ್ಲಿ."

"ಅದೇ, ಮಳೆಗಾಲದಲ್ಲಿ," ಎಂದು ಎದ್ದು ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿಸತೊಡಗಿದರು. ಜೇನು ಸಾಕುವ ಪ್ರತಿಯೊಬ್ಬರೂ ಹೀಗೆ ಮಾಡುತ್ತಾರೆಂದು ನಾನು ವಿವರಿಸಲು ಬಾಯಿ ತೆರೆದೆ. ಪತ್ನಿಯು ನನ್ನ ಮೊಣಕೈ ಹಿಡಿದಳು. ಹಿಂದಿರುಗುವಾಗ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇರಿಸಿಕೊಂಡೇ ಕುಳಿತಿದ್ದಳು. ಕೆಳಗಿಡಲು ಸ್ಥಳವಿತ್ತು.

ಜೇನನ್ನು ಕಾಯಿಸಿದರೆ ಹರಳು ಕರಗಿ ನೀರಿನಂತೆ ತಿಳಿಯಾಗುತ್ತದೆಂಬುದನ್ನು ಪತ್ನಿಯ ತಂಗಿ ಮೊದಲೇ ಸೂಚಿಸಿದ್ದಳು. ಚೆನ್ನಾಗಿ ಕಾಯಿಸಿದರೆ ಬಹಳ ಕಾಲ ಮತ್ತೆ ಗಟ್ಟಿಯಾಗುವುದಿಲ್ಲ. "ಕಾಯಿಸಿದ ಮೇಲೆ ಅದು ಜೇನಾ, ಬೆಲ್ಲದ ನೀರಾ?" ಎಂದು ಪತ್ನಿಯು ಆಗ ಅವಳ ಬಾಯಿ ಮುಚ್ಚಿಸಿದ್ದಳು. ಅರಂತೋಡಿನಿಂದ ಬಂದ ಕೆಲವು ದಿನಗಳ ನಂತರ ಅವಳೇ ತಂಗಿಗೆ ಫೋನ್ ಮಾಡಿ, "ಎಷ್ಟು ಬಿಸಿ ಮಾಡುದು?" ಎಂದು ಕೇಳಿದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿದೆ. ಬೇಡವೆನ್ನಲು ನನ್ನ ಬಳಿ ಬೇರೆ ಉಪಾಯವಿರಲಿಲ್ಲ.

ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ನೀರು ತುಂಬಿ, ಬಾಟಲಿಗಳನ್ನು ನಿಲ್ಲಿಸಿದಳು. ನೀರು ಕಾದಂತೆ ಹರಳುಗಳು ಅಂಚಿನಿಂದ ಕರಗುತ್ತ ಬಂದವು. ಪೆಟ್ಟಿಗೆ ತೆರೆಯುವಾಗ ಬರುವ ಪರಿಮಳವು ಅಡುಗೆಮನೆಯಿಂದ ಹೊರಟು ಜಗಲಿಯವರೆಗೂ ತುಂಬಿತು. ಮೊದಲಿಗೆ ನನಗೆ ಸಂತೋಷವೇ ಆಯಿತು. ಅದು ಬಾಟಲಿಯಿಂದ ಹೊರಟುಹೋಗುತ್ತಿರುವ ಪರಿಮಳವೆಂದು ಹೊಳೆದದ್ದು, ಪತ್ನಿಯು ಕಿಟಕಿಯನ್ನು ಮುಚ್ಚಲು ಹೋಗಿ, ಕೈ ತಡೆದು ಹಾಗೆಯೇ ನಿಂತಾಗ.

ತಂಗಿ ಬಂದು, ಚಮಚದಿಂದ ಬೀಳುವ ಜೇನಿನ ಎಳೆಯನ್ನು ಬಿಸಿಲಿಗೆ ಹಿಡಿದು ವಿಡಿಯೋ ಮಾಡಿದಳು. ಎಳೆಯು ತುಂಡಾಗದೆ ಇಳಿಯಿತು. ಈಗ ಬೇಡಿಕೆ ಮೊದಲಿಗಿಂತ ಹೆಚ್ಚಾಗಿದೆ ಎಂಬುದನ್ನು ತಿಳಿಸದಿರುವುದು ಸರಿಯಾಗಲಾರದು. ಅರಂತೋಡಿನವರೂ ಮತ್ತೆ ತರಿಸಿಕೊಂಡಿದ್ದಾರೆ.

ಹೊಸ ವಿಡಿಯೋದ ಕೆಳಗೆ ಬಂದುದನ್ನು ಪತ್ನಿಗೆ ಓದಿ ಹೇಳಿದೆ. "ಇದು ಅಸಲಿ." "ನೋಡಿ ಕಲೀರಿ, ಜೇನು ಅಂದ್ರೆ ಹೀಗಿರ್ಬೇಕು." "ಹಳೇ ಸ್ಟಾಕ್ ಮಾತ್ರ ಡುಪ್ಲಿಕೇಟ್ ಆಗಿತ್ತು ಅನ್ಸತ್ತೆ." ಅವಳು ಒಲೆಯ ಮುಂದೆ ನಿಂತು ಕೇಳಿಸಿಕೊಂಡಳು.

"ಪರಿಮಳ ಹೇಗುಂಟು ಅಂತ ಯಾರಾದ್ರೂ ಬರೆದಿದ್ದಾರಾ?"

ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದೆ.

"ಇಲ್ಲ," ಎಂದೆ.

ಅವಳು ಇಕ್ಕುಳದಿಂದ ಬಿಸಿ ಬಾಟಲಿಗಳನ್ನು ತೆಗೆದು, ಬಿಳಿಗಟ್ಟಿದ್ದ ಇನ್ನಷ್ಟು ಬಾಟಲಿಗಳನ್ನು ಪಾತ್ರೆಗೆ ಇಳಿಸಿದಳು.