ಮೂರು ಸಲ ಜೋಡಿಸುವ ಕುರಮೋಚಿ ಸಾನ್

ಟೋಕಿಯೊದ ಜಿಂಬೋಚೊದಲ್ಲಿರುವ ನಮ್ಮ ಪುಟ್ಟ ಪ್ರಕಾಶನದಲ್ಲಿ ಇ-ಪುಸ್ತಕಗಳ ಪುಟ ಜೋಡಿಸುವವರು ಕುರಮೋಚಿ ಸಾನ್. ಓದುವ ಯಂತ್ರ ಮಾರುವ ಮೂರು ಕಂಪನಿಗಳಿಗೆ ಮೂರು ಬಗೆಯ ಫೈಲ್ ಬೇಕು. ಒಬ್ಬರದು ಇನ್ನೊಬ್ಬರ ಯಂತ್ರದಲ್ಲಿ ತೆರೆಯುವುದಿಲ್ಲ. ಹಾಗಾಗಿ ಒಂದೇ ಕಾದಂಬರಿಯನ್ನು ಅವರು ಮೂರು ಸಲ ಜೋಡಿಸುತ್ತಾರೆ, ಮೂರು ಸಲವೂ ಪೂರ್ತಿ ಓದುತ್ತಾರೆ, ದುಃಖದ ಪುಟ ಬಂದಾಗ ಮೂರು ಸಲವೂ ಮೂಗು ಒರೆಸಿಕೊಳ್ಳುತ್ತಾರೆ. ನಮ್ಮ ಜಪಾನಿ ಸಾಲು ಮೇಲಿನಿಂದ ಕೆಳಕ್ಕೆ ಓದುವಂಥದ್ದು; ಅದು ಹಾಗೆ ಇಳಿಯದೆ ಅಡ್ಡ ಮಲಗಿದರೆ "ಅಯ್ಯೋ, ಇದಕ್ಕೇನು ಜ್ವರ ಬಂತಾ?" ಎಂದು ಗೊಣಗುತ್ತಾರೆ. ಎಲ್ಲ ಯಂತ್ರಕ್ಕೂ ಒಂದೇ ಮಾದರಿಯ ಫೈಲ್ ಇರಲಿ, ಅದರಲ್ಲಿ ನಮ್ಮ ನೆಟ್ಟನೆಯ ಸಾಲಿಗೂ ಜಾಗವಿರಲಿ ಎಂದು ವಾದಿಸಲು ಎರಡು ವರ್ಷದಿಂದ ಕಂಪನಿಗಳೂ ಪ್ರಕಾಶಕರೂ ಸೇರುವ ಒಂದು ಸಭೆಯನ್ನೂ ಅವರು ತಪ್ಪಿಸಿಲ್ಲ. ಅನ್ನದುಂಡೆ ಕಟ್ಟಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರು ಎದ್ದು ನಿಂತರೆ ಕಂಪನಿಯವರು ಗಡಿಯಾರ ನೋಡಿಕೊಳ್ಳುತ್ತಾರೆ. ಹೋದ ವಾರ ಹೊಸ ಮಾದರಿಯ ಒಂದೇ ಫೈಲ್ ಎರಡು ಕಂಪನಿಗಳ ಯಂತ್ರದಲ್ಲೂ ತೆರೆಯಿತು, ಸಾಲುಗಳು ಎರಡರಲ್ಲೂ ನೆಟ್ಟಗೆ ಇಳಿದವು. ಮೂರನೆಯವರೂ ಒಪ್ಪುತ್ತಾರಂತೆ. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಪ್ರೂಫ್ ನೋಡುವ ಮಿಸುಜು ಮಾತ್ರ ಮೆಲ್ಲಗೆ ಕೇಳಿದಳು: "ಮೂರು ಪಾಲು ಕೆಲಸ ಒಂದಕ್ಕಿಳೀತಲ್ಲ ಕುರಮೋಚಿ ಸಾನ್, ನಾಳೆ ನಿಮ್ಮನ್ನೇ ಬೇಡ ಅಂದ್ರೆ?" "ಮೊದಲ್ನೇ ಸಭೆಗೆ ಹೋದಾಗ್ಲೇ ಅದು ಗೊತ್ತಿತ್ತಮ್ಮ" ಎಂದು ಅವರು ನಕ್ಕು, ಮೂವತ್ತು ವರ್ಷದಿಂದ ಮರುಮುದ್ರಣ ಕಾಣದ, ಬೆಸ್ತರ ಹೆಂಗಸೊಬ್ಬಳ ತೆಳ್ಳನೆಯ ಕವನಸಂಕಲನವನ್ನು ಕಪಾಟಿನಿಂದ ತೆಗೆದರು. "ಇಂಥವನ್ನ ಇ-ಪುಸ್ತಕ ಮಾಡೋಕೆ ಇಷ್ಟು ದಿನ ನಂಗೆ ಪುರುಸೊತ್ತೇ ಇರ್ಲಿಲ್ಲ. ಮೊದಲ್ನೇ ಕವನ ಗಟ್ಟಿಯಾಗಿ ಓದು, ಕೇಳೋಣ."