ಅಣ್ಣನ ಸುತ್ತು

ಲಕ್ವ ಹೊಡೆದ ಅಣ್ಣನ ಜೊತೆ ನಡೆಯಲು ನಾನು ತಿಂಗಳುಗಟ್ಟಲೆ ಹೋಗಲಿಲ್ಲ. ಒಂದು ಕಾಲು ಎಳೆದುಕೊಂಡು ನಡೆಯುವವನ ಪಕ್ಕ ಜನರೆದುರು ನಡೆಯಲು ನಾಚಿಕೆ. ಸರಿಯಿದ್ದ ಕೈಯಲ್ಲಿ ಲುಂಗಿ ಎತ್ತಿ ಹಿಡಿದು ಅವನು ದಿನಾ ಕರೆಯುತ್ತಿದ್ದ: "ಒಂದ್ ಸುತ್ ಹೋಪ, ಬತ್ಯಾ?"

"ನಾಳೆ ಬತ್ತೆ" ಎನ್ನುತ್ತಿದ್ದೆ.

ಪಾರ್ಕ್ ಹಾದು, ಕಾಲುವೆಯ ದಂಡೆ ಹಿಡಿದು, ಮರದ ಕಿರುಸೇತುವೆಯಾದ ಸಂಕ ದಾಟಿದರೆ ಗದ್ದೆಯ ಕಡೆಯಿಂದ ಮನೆ ಸೇರಬಹುದು. "ಪೂರಾ ಸುತ್ ಹಾಕ್ದೆ" ಎಂದು ಅಣ್ಣ ಬಂದು ಅತ್ತಿಗೆಗೆ ಹೇಳುತ್ತಿದ್ದ.

ಒಂದು ಸಂಜೆ ಸೈಕಲ್ಲಿನಲ್ಲಿ ಬರುವಾಗ ಅಣ್ಣನನ್ನು ಕಂಡೆ. ಅವನು ಸಂಕದ ಮೇಲೆ ಕಾಲಿಟ್ಟು ಹಿಂದೆ ತೆಗೆದ. ಹುಲ್ಲು ಹೊತ್ತು ಬಂದ ಹೆಂಗಸು, "ಹ್ವಾಯ್, ಎಂತ ಕಾಂತ್ರಿ?" ಎಂದಳು.

"ಮೀನ್ ಕಾಂತಿದ್ದೆ" ಎಂದು ನೀರಿನತ್ತ ನೋಡಿದಂತೆ ಮಾಡಿ, ಅಣ್ಣ ಬಂದ ದಾರಿಯಲ್ಲೇ ತಿರುಗಿದ. ನಾನು ಸೈಕಲ್ ನಿಲ್ಲಿಸಲಿಲ್ಲ.

ಮರುದಿನ ನಾನೇ ಕರೆದೆ. ಸಂಕದ ನಡುವೆ ಅವನ ಕೈ ಹಿಡಿದು ಹೇಳಿದೆ: "ಅಣ್ಣ, ನಿನ್ನೆ ನೀ ಇಲ್ ನಿಂತದ್ ಕಂಡಿದ್ದೆ. ಕಂಡೂ ಹೋದೆ. ತಪ್ಪಾಯ್ತ್."